ರೆಡಿಂಗ್ ಪಟ್ಟಣದ ಟಗರೂ ಕೋಳಿಯೂ

ಇಂಗ್ಲೆಂಡಿಗೆ ಹೋದವರು ಲಂಡನ್ ನಗರವನ್ನು ನೋಡಿ ಬರುವುದು ವಾಡಿಕೆ. ಅಲ್ಲಿಂದ ಪಶ್ಚಿಮಕ್ಕೆ ಸುಮಾರು 60 ಕಿಲೋಮೀಟರು ದೂರದಲ್ಲಿರುವ ರೆಡಿಂಗ್ ಎಂಬ ಊರನ್ನು ನೋಡುವುದಕ್ಕಾಗಿಯೇ ಹೋಗುವವರು ವಿರಳ. ಪ್ಯಾಡಿಂಗ್ಟನ್ ನಿಲ್ದಾಣದಲ್ಲಿ ವೇಗದ ರೈಲನ್ನು ಹತ್ತಿದರೆ ಅರ್ಧ ಗಂಟೆಯೊಳಗೆ ಅಲ್ಲಿಗೆ ಸೇರಬಹುದು. ಆ ಊರಿನ ಹೆಸರನ್ನು ಬರೆಯುವಾಗ ‘ಓದು’ ಎಂಬರ್ಥದ ‘ರೀಡಿಂಗ್’ ಶಬ್ದದ ಅಕ್ಷರಗಳನ್ನೇ ಬರೆಯುವರು. ಉಚ್ಚರಿಸುವಾಗ ಮಾತ್ರ ‘ರೆಡಿಂಗ್’ ಎನ್ನುವರು. ಬರೆದಂತೆ ಓದುವ ಲಿಪಿಯಲ್ಲಿ ಬೆಳೆದ ನಮಗೆ ಇದೊಂದು ವಿನೋದವೇ ಸರಿ.

ಥೇಮ್ಸ್ ನದಿಗೆ ಕೆನೆಟ್ ಎಂಬ ಉಪನದಿ ಬಂದು ಕೂಡುವ ಸಂಗಮಸ್ಥಾನ ಇದು. ನಮ್ಮ ದೇಶದಲ್ಲಿ ಸಂಗಮವಿದ್ದ ಕಡೆ ದೇವಾಲಯವೇಳುವಂತೆ ಅಲ್ಲಿಯೂ 1121ರಲ್ಲಿ ಮೊದಲನೆಯ ಹೆನ್ರಿ ದೊರೆಯು ದೊಡ್ಡದೊಂದು ಕ್ರೈಸ್ತ ಮಠವನ್ನು ಕಟ್ಟಿಸಿದನು. ಅವನ ಸಮಾಧಿಯೂ ಅಲ್ಲಿಯೇ ಆಯಿತು. ಈಗ ಮಠದ ಮುರಿದ ಗೋಡೆಗಳು ಮಾತ್ರ ನಿಂತಿವೆ. ಕವಿ ಆಸ್ಕರ್ ವೈಲ್ಡನು 1895ರಿಂದ 1897ರವರೆಗೆ ಸೆರೆಯಿದ್ದ ಕಾರಾಗೃಹವೂ ಇದೇ ಊರಿನದು. ಇವೆಲ್ಲಕ್ಕಿಂತ ಹೆಚ್ಚಾಗಿ ಈ ಊರನ್ನು ಮನೆಮನೆಗೆ ಪರಿಚಯಿಸಿದ್ದು ಹಂಟ್ಲಿ ಅಂಡ್ ಪಾಮರ್ಸ್ ಕಂಪೆನಿಯ ಬಿಸ್ಕತ್ತು. ಆ ಡಬ್ಬಗಳು ಒಂದು ಕಾಲದಲ್ಲಿ ಭೂಮಂಡಲವನ್ನೆಲ್ಲ ಸುತ್ತಿದವು.

ಆ ಬಿಸ್ಕತ್ತಿನ ಮನೆತನದ ಆಲ್‌ಫ್ರೆಡ್ ಪಾಮರ್ ಎಂಬಾತನಿಗಾಗಿ 1880ರ ಸುಮಾರಿನಲ್ಲಿ ಕಟ್ಟಿದ ಕೆಂಪು ಇಟ್ಟಿಗೆಯ ಮನೆಯೊಂದು ರೆಡ್‌ಲ್ಯಾಂಡ್ಸ್ ರಸ್ತೆಯಲ್ಲಿದೆ. ಈಗ ಅದು ಇಂಗ್ಲಿಷ್ ಗ್ರಾಮಜೀವನದ ವಸ್ತುಸಂಗ್ರಹಾಲಯ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಆ ದೇಶದ ಹೊಲಗಳಲ್ಲಿ ಕುದುರೆಯ ಸ್ಥಾನಕ್ಕೆ ಟ್ರಾಕ್ಟರು ಬಂದಿತು. ಬಡಗಿ, ಕಮ್ಮಾರ, ಬುಟ್ಟಿ ಹೆಣೆಯುವವನು, ಕುರುಬ ಇವರ ಕಸಬುಗಳು ಒಂದೇ ತಲೆಮಾರಿನಲ್ಲಿ ಕಣ್ಮರೆಯಾಗತೊಡಗಿದವು. ಇದನ್ನು ಕಂಡು ರೆಡಿಂಗ್ ವಿಶ್ವವಿದ್ಯಾನಿಲಯದವರು 1951ರಲ್ಲಿ ಈ ಸಂಗ್ರಹವನ್ನು ಆರಂಭಿಸಿದರು. 2005ರಲ್ಲಿ ಅದು ಈಗಿನ ಕಟ್ಟಡಕ್ಕೆ ಬಂದಿತು. 2016ರಲ್ಲಿ ನವೀಕರಣ ಹೊಂದಿ ಮತ್ತೆ ತೆರೆಯಿತು. ಪ್ರವೇಶಕ್ಕೆ ಶುಲ್ಕವಿಲ್ಲ.

ಒಳಗೆ ಹೋದರೆ ಚಿನ್ನವಿಲ್ಲ, ಕಿರೀಟವಿಲ್ಲ. ನೇಗಿಲುಗಳು, ಕುಡುಗೋಲುಗಳು, ಕುರುಬರ ಕೊಕ್ಕೆಗೋಲುಗಳು, ಬೆತ್ತದ ಬುಟ್ಟಿಗಳು, ಬೆಣ್ಣೆ ಕಡೆಯುವ ಪಾತ್ರೆಗಳು, ಸಾಲಾಗಿ ನಿಲ್ಲಿಸಿದ ಮರದ ಬಂಡಿಗಳು: ಇವೇ ಅಲ್ಲಿನ ಭಂಡಾರ. ನಮ್ಮಲ್ಲಿ ಸೀಮೆಗೊಂದು ಮಾದರಿಯ ಗಾಡಿಯಿದ್ದಂತೆ ಅಲ್ಲಿಯೂ ಪ್ರಾಂತಕ್ಕೊಂದು ಆಕಾರದ, ಒಂದೊಂದು ಬಣ್ಣದ ಬಂಡಿಗಳುಂಟು. ಇಂಥ ಪದಾರ್ಥಗಳನ್ನು ನೋಡಲು ಯಾರು ಬರುವರು? ಹೊಲವನ್ನು ಬಲ್ಲ ವೃದ್ಧರು ಬರುವರು. ಉಪಾಧ್ಯಾಯರು ಹಿಂಡಾಗಿ ಕರೆತಂದ ಚಿಕ್ಕ ಮಕ್ಕಳು ಬರುವರು. ಹದಿಮೂರರಿಂದ ಹತ್ತೊಂಬತ್ತು ವಯಸ್ಸಿನವರು ತಾವಾಗಿ ಬರುವುದು ಅಪೂರ್ವ. ಇದು ಇಲ್ಲಿನ ಕೊರತೆ ಮಾತ್ರವಲ್ಲ, ಪ್ರಪಂಚದ ವಸ್ತುಸಂಗ್ರಹಾಲಯಗಳಿಗೆಲ್ಲ ಸಾಮಾನ್ಯವಾದ ಕೊರತೆ. ಅದನ್ನು ನೀಗುವ ಬಗೆಯನ್ನು ಕುರಿತು ಈ ಊರು ನನಗೆ ಕಲಿಸಿದುದನ್ನು ಓದುಗರ ಮುಂದಿಡಬೇಕೆಂಬುದೇ ಈ ಬರಹದ ಉದ್ದೇಶ.

ಮೊದಲು ಒಂದು ಇಲಿಯ ಕಥೆ. ಈ ಸಂಗ್ರಹದಲ್ಲಿ 1861ರಲ್ಲಿ ಹಕ್ಕುಪತ್ರ ಪಡೆದ ಮಾದರಿಯ ಇಲಿಬೋನೊಂದು ಇದೆ. 2016ರ ಫೆಬ್ರವರಿಯಲ್ಲಿ ಅಲ್ಲಿನ ನೌಕರರೊಬ್ಬರು ನೋಡಿದಾಗ ಅದರೊಳಗೆ ಇಲಿಯೊಂದು ಸತ್ತು ಬಿದ್ದಿದ್ದಿತು. ತಿಂಡಿಯನ್ನು ಯಾರೂ ಇಟ್ಟಿರಲಿಲ್ಲ. ಸಂಗ್ರಹದಲ್ಲಿ ಇಟ್ಟ ಬೋನು 155 ವರ್ಷಗಳ ಮೇಲೂ ತನ್ನ ಕರ್ತವ್ಯವನ್ನು ಮರೆತಿರಲಿಲ್ಲ! ಸಂಗ್ರಹಾಲಯದವರು ಇದನ್ನು ಮುಚ್ಚಿಡದೆ ನಗುನಗುತ್ತ ಲೋಕಕ್ಕೆ ತಿಳಿಸಿದರು. ದೇಶವಿದೇಶಗಳ ಪತ್ರಿಕೆಗಳಲ್ಲಿ ಸುದ್ದಿಯಾಯಿತು.

ಎರಡನೆಯದು ಟಗರಿನ ಕಥೆ. 2018ರ ಏಪ್ರಿಲ್ 9ರಂದು ಅಲ್ಲಿನ ಅಧಿಕಾರಿ ಆಡಮ್ ಕೊಸಾರಿ ಎಂಬವರು ಸಂಗ್ರಹಾಲಯದ ಟ್ವಿಟರ್ ಖಾತೆಯಲ್ಲಿ ಹಳೆಯ ಛಾಯಾಚಿತ್ರವೊಂದನ್ನು ಹಾಕಿದರು. ಅದು 1962ರಲ್ಲಿ ತೆಗೆದ, ಎಕ್ಸ್‌ಮೂರ್ ಹಾರ್ನ್ ಜಾತಿಯ ಟಗರಿನ ಚಿತ್ರ. ಬೆನ್ನು ಹಾಸುಗಲ್ಲಿನಂತೆ, ಮೈ ಉಣ್ಣೆಯ ಪೆಟ್ಟಿಗೆಯಂತೆ. ತಳಿಯ ಚರಿತ್ರೆಯನ್ನಾಗಲಿ ತೂಕವನ್ನಾಗಲಿ ಬರೆಯದೆ, ಭಾರಿ ಗಾತ್ರವನ್ನು ಕಂಡಾಗ ಅಂತರ್ಜಾಲದ ತರುಣರು ಉದ್ಗರಿಸುತ್ತಿದ್ದ ನಾಲ್ಕು ಮಾತನ್ನು ಮಾತ್ರ ಚಿತ್ರದ ಮೇಲೆ ಬರೆದರು. ನಮ್ಮ ಹುಡುಗರ ಬಾಯಲ್ಲಾದರೆ ‘ಏನ್ ಗುರು ಇದು, ಗುಡ್ಡ!’ ಎಂದಿರುತ್ತಿತ್ತೋ ಏನೋ. ಲಕ್ಷಕ್ಕೂ ಮಿಕ್ಕಿದ ಜನ ಅದನ್ನು ಮೆಚ್ಚಿದರು. ಹಳ್ಳಿಯ ನೇಗಿಲುಗಳ ಈ ಸಂಗ್ರಹದ ಹೆಸರು, ಹಳ್ಳಿಯನ್ನೇ ಕಾಣದವರಿಗೆ ಒಂದು ವಾರದೊಳಗೆ ಪರಿಚಿತವಾಯಿತು.

ಮೂರನೆಯದು ನನಗೆ ಅತ್ಯಂತ ಪ್ರಿಯವಾದುದು. ಕೆಂಟ್ ಪ್ರಾಂತದ ಬಿಡೆಂಡೆನ್ ಎಂಬ ಹಳ್ಳಿಯ ಒಕ್ಕಲುಮನೆತನವೊಂದರ ಹಳೆಯ ಪುಸ್ತಕಗಳು ಈ ಸಂಗ್ರಹಾಲಯಕ್ಕೆ ಸೇರಿವೆ. ಅವುಗಳಲ್ಲಿ ರಿಚರ್ಡ್ ಬೀಲ್ ಎಂಬ 13 ವರ್ಷದ ಹುಡುಗನು 1784ರಲ್ಲಿ ಬರೆದ ಗಣಿತದ ಪುಸ್ತಕವೊಂದು. ಲೆಕ್ಕ ಮಾಡುವ ಮನಸ್ಸಿಲ್ಲದಾಗ ಆ ಹುಡುಗ ಪುಟದ ಅಂಚಿನಲ್ಲಿ ಗೀಚಿದ್ದಾನೆ: ತನ್ನ ನಾಯಿ, ಮತ್ತು ಷರಾಯಿ ತೊಟ್ಟ ಒಂದು ಕೋಳಿ! ಕೋಳಿಗೆ ಷರಾಯಿ ಏಕೆಂದು ಬ್ರಹ್ಮನೂ ಹೇಳಲಾರ. ಸಂಗ್ರಹಾಲಯದವರು ಆ ಪುಟಗಳನ್ನು ಪ್ರಕಟಿಸಿದಾಗ, ಟಗರನ್ನು ಮೆಚ್ಚಿದ ಲೋಕವೇ ಕೋಳಿಯನ್ನೂ ಮೆಚ್ಚಿತು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಹುಡುಗರ ಲೆಕ್ಕದ ಪುಸ್ತಕಗಳನ್ನು ತಿದ್ದಿದವನಿಗೆ ಅಂಚಿನ ಚಿತ್ರಗಳೇನೂ ಹೊಸತಲ್ಲ. ಆದರೆ ಇನ್ನೂರಕ್ಕೂ ಹೆಚ್ಚು ವರ್ಷಗಳ ಬಳಿಕ ಒಬ್ಬ ಹದಿಮೂರರ ಹುಡುಗ ತನ್ನ ಊರಿನ ಬಗ್ಗೆ ಲೋಕವನ್ನೇ ನಿಲ್ಲಿಸಿ ಮಾತಾಡಿಸಿದನೆಂದರೆ ಅದು ಯೋಚಿಸತಕ್ಕ ಸಂಗತಿ. ಅವನ ಜೊತೆಗೆ, ಹದಿನೆಂಟನೆಯ ಶತಮಾನದ ಒಕ್ಕಲುಮಕ್ಕಳು ಯಾವ ಗಣಿತವನ್ನು ಹೇಗೆ ಕಲಿಯುತ್ತಿದ್ದರೆಂಬ ಸಂಗತಿಯೂ ಜನರ ಕಣ್ಣಿಗೆ ಬಿದ್ದಿತು.

ನನ್ನ ತಂಗಿಯ ಮಗಳ ಸಂಸಾರ ಆ ಊರಿನಲ್ಲಿ ನೆಲಸಿದೆ. ಅವಳ ಮಗನಿಗೆ ಹದಿನಾಲ್ಕು ವರ್ಷ. ಸಂಗ್ರಹಾಲಯಕ್ಕೆ ನನ್ನನ್ನು ಕರೆದುಕೊಂಡು ಹೋದವನು ಅವನೇ. ಟಗರನ್ನೂ ಕೋಳಿಯನ್ನೂ ಅವನು ಮೊಬೈಲಿನಲ್ಲಿ ಮೊದಲೇ ಬಲ್ಲವನಾಗಿದ್ದನು. ನೇಗಿಲಿನ ಮುಂದೆ ಮಾತ್ರ ಸುಮ್ಮನೆ ನಿಂತನು. ‘ಇದು ಮಣ್ಣನ್ನು ಮಗುಚಿ ಹಾಕುವ ನೇಗಿಲು ಕಣೋ. ನೋಡು, ಈ ಬಾಗಿದ ಹಲಗೆ ಇರುವುದು ಅದಕ್ಕೇ. ನಮ್ಮ ಮರದ ನೇಗಿಲು ಮಣ್ಣನ್ನು ಸೀಳಿಕೊಂಡು ಹೋಗುತ್ತದೆಯೇ ಹೊರತು ಮಗುಚುವುದಿಲ್ಲ. ಒಣಸೀಮೆಯಲ್ಲಿ ತೇವ ಉಳಿಯಬೇಕಲ್ಲ’ ಎಂದು ನಾನು ಆರಂಭಿಸಿದೆ. ನೊಗ, ಈಸು, ಮೇಣಿ, ಕುಳ ಎಂದು ನಮ್ಮ ನೇಗಿಲಿನ ಅಂಗಗಳನ್ನೆಲ್ಲ ಹೆಸರಿಸಿದೆ. ಹುಡುಗ ಮೊಬೈಲನ್ನು ತೆಗೆದು, ‘ತಾತ, ಇನ್ನೊಂದು ಸಲ ಹೇಳಿ. ಆದರೆ ಇಷ್ಟುದ್ದ ಬೇಡ. ಒಂದೇ ಮಾತು. ಇಲ್ಲದಿದ್ದರೆ ಯಾರೂ ಕೊನೆಯವರೆಗೆ ನೋಡುವುದಿಲ್ಲ’ ಎಂದನು.

ಒಂದು ಅಕ್ಷರ ಉಳಿದರೂ ಹಿಗ್ಗುತ್ತಿದ್ದ ನಮ್ಮ ಸೂತ್ರಕಾರರು ನನಗೆ ಆಗ ನೆನಪಾದರು. ನಾನು ಸೂತ್ರ ಹೇಳಿದೆ: ‘ಅವರ ನೇಗಿಲು ಮಗುಚುತ್ತದೆ, ನಮ್ಮ ನೇಗಿಲು ಸೀಳುತ್ತದೆ.’ ಹುಡುಗ ಅದನ್ನು ಚಿತ್ರಿಸಿಕೊಂಡನು. ಆಮೇಲೆ ‘ಏಕೆ?’ ಎಂದು ಕೇಳಿದನು. ಅದನ್ನು ಕೇಳುವವರು ಅವನ ಸ್ನೇಹಿತರಲ್ಲಿ ಇರುತ್ತಾರಂತೆ. ಉತ್ತರ ಅವನಿಗೆ ಗೊತ್ತಿರಬೇಕಂತೆ. ಹತ್ತು ನಿಮಿಷಗಳ ಹಿಂದೆ ಅವನ ಕಿವಿಗೆ ಬೀಳದಿದ್ದ ಮಳೆ, ಮಣ್ಣು, ತೇವಗಳ ವಿಷಯವನ್ನು ಅವನೇ ಬಾಯಿಬಿಟ್ಟು ಕೇಳಿಸಿಕೊಂಡನು. ಕೇಳುವವನಾಗಿ ಬಂದ ಹುಡುಗನನ್ನು ಹೇಳುವವನನ್ನಾಗಿ ಮಾಡಿದರೆ ಅವನು ಎರಡರಷ್ಟು ಕೇಳುವನು. ಯಮನ ಬಾಗಿಲಲ್ಲಿ ಪ್ರಶ್ನೆ ಮಾಡಿದ ನಚಿಕೇತನೂ ಬಾಲಕನೇ ಅಲ್ಲವೆ? ಪಾಠಶಾಲೆಯಲ್ಲಿ ಹಿರಿಯ ತರಗತಿಯವನಿಂದ ಕಿರಿಯರಿಗೆ ಪಾಠ ಹೇಳಿಸುತ್ತಿದ್ದ ಹಿಂದಿನ ಪದ್ಧತಿಯ ಗುಟ್ಟೂ ಇದೇ.

ಈ ಗುಟ್ಟನ್ನು ಹಿಡಿದು ಕೆಲಸ ಮಾಡುತ್ತಿರುವ ಸಂಸ್ಥೆಯೊಂದು ಆ ದೇಶದಲ್ಲಿದೆ. ಅದರ ಹೆಸರು ‘ಕಿಡ್ಸ್ ಇನ್ ಮ್ಯೂಸಿಯಮ್ಸ್’. ಅದರ ಹುಟ್ಟು ಸ್ವಾರಸ್ಯವಾದುದು. 2002ರಲ್ಲಿ ಡೀ ಬರ್ಕೆಟ್ ಎಂಬ ಪತ್ರಕರ್ತೆ ತನ್ನ ಎಳೆಯ ಮಗನನ್ನು ಕರೆದುಕೊಂಡು ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ನಡೆಯುತ್ತಿದ್ದ ಆಜ್ಟೆಕ್ ಪ್ರದರ್ಶನಕ್ಕೆ ಹೋಗಿದ್ದರು. ಭಯಂಕರವಾದ ವಿಗ್ರಹವೊಂದನ್ನು ಕಂಡು ಮಗು ‘ರಾಕ್ಷಸ!’ ಎಂದು ಕೂಗಿತು. ಗದ್ದಲವಾಯಿತೆಂದು ಅವರನ್ನು ಹೊರಗೆ ಕಳುಹಿಸಿದರು. ಆ ತಾಯಿ ಪತ್ರಿಕೆಯಲ್ಲಿ ಬರೆದರು. ಸಂಸಾರಗಳ ಪತ್ರಗಳು ರಾಶಿಯಾಗಿ ಬಂದವು. 2003ರಿಂದ ಅದೊಂದು ಚಳವಳಿಯಾಗಿ ಬೆಳೆಯಿತು. ಮಗು ಹೇಳಿದ್ದೇನು ಸುಳ್ಳೆ? ವಿಗ್ರಹವನ್ನು ಮಾಡಿದ ಶಿಲ್ಪಿ ಕೇಳಿದ್ದರೆ, ತನ್ನ ಶ್ರಮ ಸಾರ್ಥಕವಾಯಿತೆನ್ನುತ್ತಿದ್ದನು.

ಈ ಸಂಸ್ಥೆಯ ಪ್ರೇರಣೆಯಿಂದ ಮ್ಯೂಸಿಯಂಗಳು ಕೆಲವು ದಿನ ತಮ್ಮ ಕೆಲಸಗಳನ್ನು ಮಕ್ಕಳಿಗೆ ಒಪ್ಪಿಸುವುದುಂಟು: ದಾರಿ ತೋರಿಸುವುದು, ವಸ್ತುಗಳಿಗೆ ವಿವರಣೆ ಬರೆಯುವುದು, ಬಂದವರನ್ನು ಸ್ವಾಗತಿಸುವುದು. ಹದಿಹರೆಯದವರಿಗಾಗಿಯೇ ಮತ್ತೊಂದು ದಿನವನ್ನು ಗೊತ್ತುಮಾಡಿದರು. ಆ ದಿನ ಮ್ಯೂಸಿಯಮ್ಮಿನ ಟ್ವಿಟರ್ ಖಾತೆ ಅವರ ಕೈಗೆ. 2023ರಲ್ಲಿ ಟ್ವಿಟರಿನ ಹೆಸರು ‘ಎಕ್ಸ್’ ಎಂದಾಯಿತು; ಹುಡುಗರೂ ಬೇರೆ ಬೇರೆ ತಾಣಗಳಿಗೆ ಗುಳೆ ಹೋದರು. ಜಾಲತಾಣಗಳ ಹೆಸರು ಬದಲಾಗುತ್ತಲೇ ಇರುವುದು, ತತ್ತ್ವ ಬದಲಾಗದು.

ಕೆಲಸ ನಡೆಯತಕ್ಕ ಕ್ರಮ ಹೀಗೆ. ನಾಲ್ಕೈದು ಹುಡುಗ ಹುಡುಗಿಯರು ಸೇರಿ ಒಂದು ವಸ್ತುವನ್ನು ಆರಿಸುವರು. ಸಂಗ್ರಹಪಾಲಕರ ಬಳಿ ಕುಳಿತು, ಇದು ಎಲ್ಲಿಯದು, ಯಾರು ಮಾಡಿದರು, ಏತಕ್ಕೆ ಎಂದು ಕೇಳುವರು. ತಮ್ಮ ಮಾತಿನಲ್ಲಿ ಎರಡು ವಾಕ್ಯ ಬರೆಯುವರು, ಇಲ್ಲವೆ ಅರ್ಧ ನಿಮಿಷದ ಚಿತ್ರ ತೆಗೆಯುವರು. ಸಂಗತಿ ಸತ್ಯವೇ ಎಂಬುದನ್ನು ಹಿರಿಯರು ನೋಡುವರು. ಮಾತು ರುಚಿಯೇ ಎಂಬುದನ್ನು ಕಿರಿಯರು ನೋಡುವರು. ಅದು ಪ್ರಕಟವಾದ ಮೇಲೆ ಬಂದ ಪ್ರಶ್ನೆಗಳಿಗೆ ಉತ್ತರವನ್ನು ಮತ್ತೆ ಹುಡುಕುವರು. ಹಿರಿಯರು ಮಾತಿನ ರುಚಿಗೂ ಕೈಹಾಕಿದರೆ ಅದು ಸುತ್ತೋಲೆಯಾಗುವುದು. ಕಿರಿಯರು ಸಂಗತಿಯನ್ನೂ ತಮಗೆ ತೋರಿದಂತೆ ಹೇಳಿದರೆ ಅದು ಹರಟೆಯಾಗುವುದು.

ಇದರಿಂದ ಶಾಶ್ವತವಾದ ಫಲವುಂಟೆ ಎಂದು ಕೇಳಬಹುದು. ಅಮೆರಿಕದ ಮಿನಿಯಾಪೊಲಿಸ್ ನಗರದ ವಾಕರ್ ಕಲಾಕೇಂದ್ರವು 1996ರಷ್ಟು ಹಿಂದೆಯೇ ಹದಿಹರೆಯದವರ ಮಂಡಲಿಯೊಂದನ್ನು ನೇಮಿಸಿ ಅದಕ್ಕೆ ಕಾರ್ಯಕ್ರಮ ನಡೆಸುವ ಅಧಿಕಾರವನ್ನು ಕೊಟ್ಟಿತು. ಅಲ್ಲಿಯೂ ಇನ್ನು ಮೂರು ಅಮೆರಿಕನ್ ಕಲಾಸಂಗ್ರಹಾಲಯಗಳಲ್ಲಿಯೂ ಹೀಗೆ ಬೆಳೆದವರನ್ನು ವರ್ಷಗಳ ಮೇಲೆ ವಿಚಾರಿಸಿ 2015ರಲ್ಲಿ ಒಂದು ವರದಿಯನ್ನು ಪ್ರಕಟಿಸಿದರು. ಚಿಕ್ಕಂದಿನಲ್ಲಿ ಪಡೆದ ಆ ಹೊಣೆಗಾರಿಕೆ ದೊಡ್ಡವರಾದ ಮೇಲೂ ಅವರ ಆತ್ಮವಿಶ್ವಾಸದಲ್ಲಿ, ವೃತ್ತಿಯಲ್ಲಿ, ಕಲೆಯ ನಂಟಿನಲ್ಲಿ ಉಳಿದುಕೊಂಡಿತೆಂದು ಅದರ ಸಾರಾಂಶ. ಅವರು ನಡೆಸಿದ್ದು ಕೇವಲ ಜಾಲತಾಣವನ್ನಲ್ಲ. ಆದರೂ ಹೊಣೆ ಕೊಟ್ಟಲ್ಲಿ ಮಮತೆ ಹುಟ್ಟುವುದೆಂಬುದಕ್ಕೆ ಇದು ಸಾಕ್ಷಿ.

ಈ ಪತ್ರಿಕೆಯನ್ನೋದುವ ತಾಯಂದಿರ ಮನಸ್ಸಿನಲ್ಲಿರುವ ಶಂಕೆ ನನಗೆ ತಿಳಿಯದೆ ಇಲ್ಲ. ‘ಮೊದಲೇ ಮೊಬೈಲು ಕೈ ಬಿಡದ ಮಕ್ಕಳು, ಅವರ ಕೈಗೆ ಮತ್ತಷ್ಟು ಮೊಬೈಲು ಕೊಡುವುದೆ?’ ಶಂಕೆ ನ್ಯಾಯವಾದುದೇ. ಆಸ್ಟ್ರೇಲಿಯ ದೇಶವು 2025ರ ಡಿಸೆಂಬರ್ 10ರಿಂದ 16 ವರ್ಷಕ್ಕೆ ಕೆಳಗಿನವರು ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಹೊಂದದಂತೆ ಕಟ್ಟು ಮಾಡಿದೆ. ನಮ್ಮ ದೇಶದ 2023ರ ವೈಯಕ್ತಿಕ ದತ್ತಾಂಶ ಸಂರಕ್ಷಣೆಯ ಕಾಯಿದೆಯೂ 18 ತುಂಬದವರನ್ನು ಮಕ್ಕಳೆಂದೇ ಎಣಿಸಿ, ಅವರ ವಿವರಗಳನ್ನು ಬಳಸಲು ತಂದೆತಾಯಿಗಳ ಒಪ್ಪಿಗೆ ಬೇಕೆನ್ನುತ್ತದೆ. ಆದುದರಿಂದ ಈ ಕಾರ್ಯದಲ್ಲಿ ಕೆಲವು ಕಟ್ಟಳೆಗಳಿರಬೇಕು. ಖಾತೆ ಸಂಸ್ಥೆಯದಾಗಿರಬೇಕು, ಮಗುವಿನದಲ್ಲ. ಮಗುವಿನ ಹೆಸರಾಗಲಿ ಮುಖವಾಗಲಿ ಕಾಣಬೇಕಾಗಿಲ್ಲ. ವಸ್ತು ಕಂಡರೆ ಸಾಕು. ಅಪರಿಚಿತರ ಕೆಟ್ಟ ಮಾತುಗಳನ್ನು ಮೊದಲು ಓದುವವರು ದೊಡ್ಡವರಾಗಿರಬೇಕು. ಸಂಬಳದ ನೌಕರನ ಕೆಲಸವನ್ನು ಬಿಟ್ಟಿಯಾಗಿ ಮಕ್ಕಳಿಂದ ಮಾಡಿಸಿಕೊಳ್ಳುವುದೂ ಸಲ್ಲದು. ಇಷ್ಟು ಕಟ್ಟಳೆಗಳೊಳಗೆ, ದಿನವೆಲ್ಲ ಪರರ ಚಿತ್ರಗಳನ್ನು ಬೆರಳಿನಿಂದ ಸರಿಸುತ್ತ ಕೂರುವ ಹುಡುಗನು ಒಂದು ವಾರ ಒಂದು ಕಲ್ಲಿನ ಮುಂದೆ ನಿಂತು ಯೋಚಿಸಿದನೆಂದರೆ, ಅದು ಮೊಬೈಲಿನ ಅತಿಬಳಕೆಯಲ್ಲ, ಅದಕ್ಕೆ ಮದ್ದು.

ಇನ್ನೊಂದು ಮಾತು. ಮೆಚ್ಚುಗೆಯ ಸಂಖ್ಯೆ ಬೇರೆ, ಬಾಗಿಲು ದಾಟಿ ಬಂದವರ ಸಂಖ್ಯೆ ಬೇರೆ. ಟಗರನ್ನು ಮೆಚ್ಚಿದ ಲಕ್ಷ ಜನರೆಲ್ಲ ರೆಡಿಂಗಿಗೆ ಬರಲಾರರು. ಲಕ್ಷ ಜನರ ನಗುವಿಗಾಗಿ ಪ್ರತಿದಿನ ಟಗರನ್ನೇ ಹುಡುಕುತ್ತ ಹೋದರೆ ನೇಗಿಲು ಮೂಲೆಗೆ ಬೀಳುವುದು. ನಗು ಬಾಗಿಲು ಮಾತ್ರ; ಒಳಗೆ ಮನೆ ಇರಬೇಕು.

ಹಾಗಾದರೆ ನಮ್ಮ ನಾಡಿನಲ್ಲಿ ಏನಿದೆ? ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸ್ಥಾಪಿತವಾದುದು 1865ರಲ್ಲಿ; ರೆಡಿಂಗಿನದಕ್ಕಿಂತ ಅದು 86 ವರ್ಷ ಹಿರಿಯದು. ಅದೇ ಕಸ್ತೂರ್ಬಾ ರಸ್ತೆಯಲ್ಲಿ ಕಲೆ ಮತ್ತು ಛಾಯಾಚಿತ್ರಗಳ ಹೊಸ ಸಂಗ್ರಹಾಲಯವೊಂದು, ‘ಮ್ಯಾಪ್’ ಎಂಬುದು, 2020ರ ಡಿಸೆಂಬರಿನಲ್ಲಿ ಮೊದಲು ಅಂತರ್ಜಾಲದಲ್ಲಿ ತೆರೆದು, ಆಮೇಲೆ 2023ರ ಫೆಬ್ರವರಿಯಲ್ಲಿ ಕಟ್ಟಡದಲ್ಲಿ ತೆರೆಯಿತು. ಬಾಗಿಲಿಗಿಂತ ಮೊದಲು ಜಾಲ ತೆರೆಯುವ ಕಾಲ ನಮ್ಮಲ್ಲಿಯೂ ಬಂದಿದೆಯೆಂದಾಯಿತು.

ಟಗರು ಬೇಕೆ? ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದ ಆತಕೂರಿನ ಶಾಸನವಿದೆ. ಶಕ 872ರ, ಎಂದರೆ ಕ್ರಿ.ಶ. 949-50ರ ಕಲ್ಲು ಅದು. ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತದ್ದು. ರಾಷ್ಟ್ರಕೂಟರ ಮುಮ್ಮಡಿ ಕೃಷ್ಣನು ತಕ್ಕೋಲದ ಯುದ್ಧದಲ್ಲಿ ಚೋಳರನ್ನು ಗೆದ್ದನು. ಗಂಗರ ಇಮ್ಮಡಿ ಬೂತುಗನು ಅವನಿಗೆ ನೆರವಾಗಿ ಚೋಳರ ರಾಜಾದಿತ್ಯನನ್ನು ಕೊಂದನು. ಬೂತುಗನ ಕಡೆಯ ವೀರ ಮಣಲೇರನ ಪರಾಕ್ರಮವನ್ನು ಮೆಚ್ಚಿದ ಅರಸನು, ಬೇಕಾದುದನ್ನು ಕೇಳೆಂದನು. ಮಣಲೇರನು ಊರನ್ನು ಬೇಡಲಿಲ್ಲ, ಹೊನ್ನನ್ನು ಬೇಡಲಿಲ್ಲ. ‘ಕಾಳಿ’ ಎಂಬ ಬೇಟೆನಾಯಿಯನ್ನು ಬೇಡಿದನು. ಆ ನಾಯಿ ಮುಂದೆ ದೊಡ್ಡದೊಂದು ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ನಾಯಿಯ ನೆನಪಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಭೂಮಿಯನ್ನೂ ಬಿಟ್ಟರು. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಕಾದಾಡುವ ಚಿತ್ರ ಇಂದಿಗೂ ಇದೆ.

ರಾಜಾದಿತ್ಯನ ಮರಣದ ವರ್ಷವನ್ನು ಪರೀಕ್ಷೆಗಾಗಿ ಉರುಹೊಡೆದು ಮರುದಿನ ಮರೆಯುವ ಹುಡುಗನಿಗೆ ಕಾಳಿಯ ಕಥೆಯನ್ನು ತನ್ನ ಸ್ನೇಹಿತರಿಗೆ ಅರ್ಧ ನಿಮಿಷದಲ್ಲಿ ಹೇಳೆಂದು ಒಪ್ಪಿಸಿರಿ. ಹಳಗನ್ನಡದ ಎರಡು ಸಾಲನ್ನು ಅವನು ತಾನಾಗಿ ಬಂದು ಕೇಳುವನು. ಬೂತುಗನು ಯಾರೆಂದು ಕೇಳುವನು. ತಕ್ಕೋಲವೆಲ್ಲಿ ಎಂದು ನಕ್ಷೆಯಲ್ಲಿ ಹುಡುಕುವನು. ಅದನ್ನು ಕಂಡ ನಾಲ್ಕು ಹುಡುಗರಲ್ಲಿ ಒಬ್ಬನು ಮುಂದಿನ ಭಾನುವಾರ ತಂದೆಯ ಕೈಹಿಡಿದು ಕಲ್ಲನ್ನು ನೋಡಲು ಹೊರಟರೆ, ಸಾವಿರ ವರ್ಷಗಳ ಹಿಂದೆ ಕಂಡರಿಸಿದವನ ಕೆಲಸ ಮುಂದುವರಿಯಿತೆಂದೇ ಲೆಕ್ಕ.

ಕಲ್ಲು ಮಳೆಗಾಳಿಗಳನ್ನು ತಡೆದು ನಿಲ್ಲಬಲ್ಲದು. ತನ್ನನ್ನು ಓದುವವರಿಲ್ಲದ ಕಾಲವನ್ನು ತಡೆಯಲಾರದು. ಈಸು ಮೇಣಿಗಳ ಹೆಸರು ಬಲ್ಲ ನಮ್ಮ ತಲೆಮಾರು ಸಂಜೆಯ ಹೊತ್ತಿಗೆ ಬಂದಿದೆ. ನಮ್ಮ ಬಾಯಲ್ಲಿರುವುದನ್ನು ಮಕ್ಕಳ ಕಿವಿಯಲ್ಲಿ ಹಾಕಿದರೆ ಸಾಲದು, ಅವರ ಬಾಯಲ್ಲಿಡಬೇಕು. ಅವರ ಮಾತು ನಮ್ಮಷ್ಟು ಪ್ರೌಢವಾಗಿರಲಿಕ್ಕಿಲ್ಲ. ಕೋಳಿಗೆ ಷರಾಯಿ ತೊಡಿಸಿಯಾರು. ತೊಡಿಸಲಿ. ಸಂಗತಿ ಸತ್ಯವಾಗಿರುವಂತೆ ನೋಡಿಕೊಳ್ಳುವುದು ನಮ್ಮ ಪಾಲಿನ ಕೆಲಸ. ಅದನ್ನು ಊರಿಗೆಲ್ಲ ಮುಟ್ಟಿಸುವ ಕಾಲುಗಳು ಅವರಲ್ಲಿವೆ.